ಜೊಂಡಿನ ಬೇರು

ಬೆಳಿಗ್ಗೆ ಶಹಾಪುರ ಠಾಣೆಗೆ ಬಂದ ದೂರು ಕೇಳಿ ಹೆಡ್ ಕಾನ್‌ಸ್ಟೆಬಲ್ ವಹಾಬನಿಗೆ ನಗು ತಡೆಯಲಿಲ್ಲ. ಹಳೇ ಕಲ್ಲುಕ್ವಾರಿಯ ಹೊಂಡದಲ್ಲಿದ್ದ ಜೊಂಡನ್ನು ಯಾರೋ ಕದ್ದಿದ್ದರು. ಹಳ್ಳದ ತುಂಬ ತಾನಾಗಿ ಬೆಳೆಯುವ ಜೊಂಡಿಗೊಂದು ಎಫ್‌ಐಆರ್.

"ಇಲಿ ಹೋದ್ರ ಹುಲಿ ಹೋಯ್ತು ಅಂದಂಗಾತು," ಎಂದ.

"ನಗಬ್ಯಾಡ್ರಿ," ಎಂದರು ದೂರುದಾರೆ, ಕಾಲೇಜು ಉಪನ್ಯಾಸಕಿ ಪಂಚಶೀಲಾ. "ಆ ನೀರಾಗ ಕಲ್ಲಿನ ವಿಷ, ಫ್ಲೋರೈಡು, ಇಳದದ. ಅದನ್ನ ಹೀರಲಿ ಅಂತ ನಾವು ಕಾಲೇಜಿನವರು ಜೊಂಡು ಹಚ್ಚೀವಿ. ಈಗ ವಿಷ ಎಲ್ಲಾ ಬೇರಿನಾಗದ. ಯಾರ ಹೊಟ್ಟಿಗಾರ ಹೋದ್ರ ಏನು ಗತಿ?"

ಇನ್ಸ್‌ಪೆಕ್ಟರ್ ರೇವಣಸಿದ್ದ ಟೋಪಿ ತೆಗೆದುಕೊಂಡು ಎದ್ದ.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ದನಕ್ಕೆ ಒಯ್ದಿರಬೇಕು ಎಂಬುದು ವಹಾಬನ ಲೆಕ್ಕ. ಆದರೆ ಎಲೆಗಳೆಲ್ಲ ದಂಡೆಯಲ್ಲೇ ಬಿದ್ದಿದ್ದವು. ಮೇವಿಗೆ ಬಂದವನು ಎಲೆ ಬಿಟ್ಟು ಬೇರು ಹೊರುವಷ್ಟು ದಡ್ಡನಿರಲಾರ. ಬೇರು ಬೇಕಾಗುವುದು ಔಷಧಕ್ಕೆ. ರೇವಣಸಿದ್ದ ಪಂಚಶೀಲಾ ಕಡೆ ತಿರುಗಿದ.

"ಈ ಗಿಡದ ಬಗ್ಗೆ ಯಾರಾರ ಕೇಳಿದ್ರೇನು?"

"ಊರ ಸಭಾದಾಗ ಮರಿಲಿಂಗ ಅನ್ನಾಂವ ಕೇಳಿದ್ದ. ನೀರಾಗಿನ ವಿಷ ಹೀರೂದಾದ್ರ ಎಲುಬಿನಾಗಿಂದೂ ಹೀರ್ತದೇನ್ರಿ ಅಂತ."

"ನೀವೇನಂದ್ರಿ?"

"ಎಲ್ಲಾರೂ ನಕ್ಕರು. ನಾನೂ ನಕ್ಕೆ."

ಜೀಪು ಮನೆ ಮುಟ್ಟಿದಾಗ ಮರಿಲಿಂಗನ ಹೆಂಡತಿ ಶೇಖಮ್ಮ ಗೋಡೆಗೊರಗಿ ಕೂತಿದ್ದಳು. ಹೊಂಡದ ಪಕ್ಕದ ಬೋರಿನ ನೀರು ಕುಡಿದು ಕುಡಿದು ಕೀಲು ಹಿಡಿದು, ತಲೆ ಬಾಚಿಕೊಳ್ಳಲೂ ತೋಳು ಏಳದ ಹೆಂಗಸು. ಕಷಾಯದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯನ್ನೇ ಅದರತ್ತ ಬಗ್ಗಿಸುತ್ತಿದ್ದಳು. ವಹಾಬ ಓಡಿಹೋಗಿ ಕಸಿದುಕೊಂಡ.

ಮರಿಲಿಂಗ ಸುಳ್ಳಾಡಲಿಲ್ಲ.

"ನಾನೇ ಕಿತ್ತೀನ್ರಿ. ಮೊದಲ ಒಂದು ಹಿಡಿ ತಂದು ಕುದಿಸಿ ಕೊಟ್ಟೆ. ನೋವು ಇಳದದ ಅಂದಳು. ಅದಕ್ಕ ಉಳಿದದ್ದೂ ತಂದೆ."

ಬೇರು, ಲೋಟ ಜಪ್ತಿಯಾದವು. ಸಂಜೆಗೆ ಕಳವಿನ ಆರೋಪದ ಮೇಲೆ ಅವನ ಬಂಧನ ದಾಖಲಾಯಿತು. ಶೇಖಮ್ಮನನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು. ವಿಷ ಎಷ್ಟು ಏರಿದೆ ಎಂಬುದನ್ನು ರಕ್ತ ನೋಡಿಯೇ ಹೇಳಬೇಕು ಎಂದರು ಡಾಕ್ಟರು. ಹೇಳಿಕೆ ಬರೆದುಕೊಳ್ಳಲು ರೇವಣಸಿದ್ದ ತಾನೇ ಹೋದ.

"ಖರೇನ ನೋವು ಇಳದಿತ್ತೇನವ್ವ?"

"ಎಲ್ಲೀದ್ರಿ ಸಾಹೇಬ್ರ. ಕುಡದ್ರ ಹೊಟ್ಟಿ ತೊಳಸ್ತಿತ್ತು." ಎಂದಳು ಶೇಖಮ್ಮ. "ಕೂಲಿಯಿಂದ ಬಂದು, ಬೇರು ಜಜ್ಜಿ ಕುದಿಸಿ ಕೊಟ್ಟು, ನನ್ನ ಮಾರಿ ನೋಡ್ಕೋತ ಕೂಡ್ತಿದ್ದ. ಇಳದದ ಅಂದೆ. ಇದನ್ನ ಅವಗ ಹೇಳಬ್ಯಾಡ್ರಿ."