ಟಪಾಲು ತಲುಪಿಸಿದ ಮಾತು

"ಅಲ್ಲೇ ನಿಲ್ಲಿ! ಆ ಕಲ್ಲಿನ ಮೇಲೆ ಕಾಲಿಡಬೇಡಿ!"

ಅವಳ ಕಾಲು ಗಾಳಿಯಲ್ಲೇ ನಿಂತಿತು. ಕಲ್ಲು ಸಡಿಲವಾಗಿದೆ ಎಂಬ ಭಯಕ್ಕಲ್ಲ... ಆ ದನಿಗೆ!

ಆ ದನಿ ಕೇಳಿ ಎರಡು ವರ್ಷವಾಗಿತ್ತು. ಮರೆತೇಬಿಟ್ಟೆ ಎಂದು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಳು. ಎಲ್ಲಿ ಮರೆತಿದ್ದಳು? ಈಗ ಮೈಯೆಲ್ಲ ಕಿವಿಯಾಗಿತ್ತು.

ತಿರುಗಿ ನೋಡಿದಳು. ಅರ್ಧ ಕುಸಿದ ಗೋಡೆಯ ಪಕ್ಕ, ಕೈಯಲ್ಲಿ ಗಾರೆ ಕೆಲಸದ ಕರಣೆ ಹಿಡಿದು, ಹುಬ್ಬಿನವರೆಗೂ ಸುಣ್ಣದ ಧೂಳು ಮೆತ್ತಿಕೊಂಡು ಅವನು ನಿಂತಿದ್ದ. ಅಪ್ಪನ ಹತ್ತಿರ ಮದುವೆಯ ಮಾತಾಡಲು ಬರುತ್ತೇನೆಂದು ಹೇಳಿ, ಆ ಭಾನುವಾರ ಕೈಕೊಟ್ಟು ನಾಪತ್ತೆಯಾದವನು!

"ಬಂದ್ಯಾ?" ಎಂದ ಅವನು, ಮೆಲ್ಲಗೆ.

'ಬಂದ್ಯಾ ಅಂತೆ! ಪಕ್ಕದ ಬೀದಿಗೆ ಹೋಗಿ ಬಂದವಳನ್ನ ಕೇಳೋ ಹಾಗೆ!' ಎಂದುಕೊಂಡಳು ಅವಳು.

"ಕ್ಷಮಿಸಿ, ನೀವು ಯಾರೂಂತ ಗೊತ್ತಾಗ್ಲಿಲ್ಲ."

"ಸೂಜಿಮೆಣಸು..."

"ಹಾಗೆ ಕರೀಬೇಡಿ! ಆ ಹೆಸರಿಟ್ಟವನು ನನ್ನ ಪಾಲಿಗೆ ಎಂದೋ ಸತ್ತು ಹೋದ!"

ಸೂಜಿ ಹಿಡಿದು ಹರಿದ ಬಟ್ಟೆಗೆ ರಫೂ ಮಾಡುವುದು ಅವಳ ಕೆಲಸ. ಸಿಟ್ಟಂತೂ ಮೂಗಿನ ತುದಿಯಲ್ಲೇ. ಎರಡನ್ನೂ ಸೇರಿಸಿ ಅವನೇ ಪ್ರೀತಿಯಿಂದ ಇಟ್ಟ ಹೆಸರದು. ಅದನ್ನು ಇವತ್ತು ಅವನ ಬಾಯಲ್ಲಿ ಕೇಳಿ ಅವಳಿಗೆ ಅಳು ಒತ್ತರಿಸಿ ಬಂತು. ಅವನ ಮುಂದೆ ಅಳುವುದೇ? ಛೆ! ಸರಸರನೆ ನಡೆದುಬಿಟ್ಟಳು.

ಎಂದೋ ಅಳಿದುಹೋದ ನಗರ ಅದು. ಗಾಡಿಯ ಗಾಲಿಗಳು ಸವೆಸಿದ ಕಲ್ಲು ಬೀದಿ, ಸೂರಿಲ್ಲದ ಮನೆಗಳು, ಬಾಯಿ ತೆರೆದುಕೊಂಡೇ ಇರುವ ಒಲೆಗಳು... ಬೆಳಿಗ್ಗೆ ಇವನ್ನೆಲ್ಲ ನೋಡಿ ಮಗುವಿನಂತೆ ಕುಣಿದಿದ್ದಳು. ಈಗ ಯಾವುದೂ ಕಣ್ಣಿಗೆ ಬೀಳಲಿಲ್ಲ.

ಒಂದು ಗೋಡೆಯ ಹತ್ತಿರ ಮಾತ್ರ ಕಾಲು ತಾನಾಗಿ ನಿಂತಿತು. ಬಿದ್ದುಹೋದ ಜಾಗಕ್ಕೆ ಹೊಸ ಕಲ್ಲು ಕೂರಿಸಿದ್ದರು. ಹಳೆಯದಕ್ಕಿಂತ ಬಣ್ಣ ತಿಳಿ, ಕೂರಿಸಿದ್ದೂ ಬೆರಳಿನಷ್ಟು ಒಳಕ್ಕೆ. ಎಲ್ಲಿ ದುರಸ್ತಿಯಾಗಿದೆ ಎಂದು ನೋಡುವವರಿಗೆ ತಿಳಿಯಲೆಂದೇ ಹೀಗೆ ಮಾಡಿದೆ ಎಂದು ಪಕ್ಕದ ಫಲಕ ಹೇಳುತ್ತಿತ್ತು.

'ನಮ್ಮ ಅಂಗಡೀಲಿ ಹೀಗೆ ಮಾಡಿದ್ರೆ ಗಿರಾಕಿ ಮುಖಕ್ಕೆ ಎಸೆದು ಹೋಗ್ತಿದ್ರು!' ಅಷ್ಟು ನೋವಿನಲ್ಲೂ ಕೆಲಸದ ಕಣ್ಣು ಸುಮ್ಮನಿರಲಿಲ್ಲ. ಅದೇ ಬಟ್ಟೆಯ ಒಳಹೊಲಿಗೆಯಿಂದ ಎಳೆ ತೆಗೆದು, ತೂತಿದ್ದ ಕಡೆ ತೂತೇ ಇರಲಿಲ್ಲವೆಂಬಂತೆ ನೇಯುವವಳು ಅವಳು.

ಆ ಅಂಗಡಿಯಲ್ಲಿ ಅವಳ ಜೊತೆಗಾರ್ತಿ, ಈ ರಜೆಯಲ್ಲಿ ಅವಳನ್ನು ಇಲ್ಲಿಗೆ ಕರೆತಂದವಳು, ಬಾಲ್ಯದ ಗೆಳತಿ ಟಪಾಲು.

ಟಪಾಲಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅವಳಿಗೂ ಅವನಿಗೂ ಪರಿಚಯ ಮಾಡಿಸಿದ್ದೇ ಈಕೆ. ಆ ಇಬ್ಬರೂ ಒಬ್ಬರಿಗಿಂತ ಒಬ್ಬರು ಹಟಮಾರಿಗಳು. ಜಗಳವಾದರೆ ಒಬ್ಬರಿಗೊಬ್ಬರು ಫೋನ್ ಮಾಡುವುದಿಲ್ಲ. "ಅವನಿಗೆ ಹೇಳೇ", "ಅವಳಿಗೆ ಹೇಳು" ಎಂದು ಈಕೆಯ ಮೂಲಕವೇ ಮಾತು! ಹಾಗಾಗಿ ಟಪಾಲು ಎಂಬ ಹೆಸರು ಬಂತು.

ಆದರೆ ಕಿಲಾಡಿ ಟಪಾಲು! "ಸತ್ತರೂ ಅವನ ಮುಖ ನೋಡಲ್ಲ ಅಂತ ಹೇಳು" ಎಂದು ಇವಳು ಕಳಿಸಿದರೆ, ಅವನಿಗೆ ತಲುಪುತ್ತಿದ್ದದ್ದು "ಪಾಪ, ಅವಳಿಗೆ ತಲೆನೋವಂತೆ, ನಾಳೆ ಮಾತಾಡ್ತಾಳಂತೆ" ಎಂದು. ಅವರಿಬ್ಬರ ಪ್ರೀತಿ ಅಷ್ಟು ದಿನ ಬಾಳಿದ್ದು ಈಕೆ ಮಾತು ತಿದ್ದಿ ತಲುಪಿಸಿದ್ದರಿಂದಲೇ. ಅದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಬಾಯಿಗೆ ಬಂದದ್ದನ್ನೆಲ್ಲ ಧೈರ್ಯವಾಗಿ ಕಳಿಸುತ್ತಿದ್ದರು.

ಟಿಕೆಟ್ ಕೌಂಟರಿನ ಹತ್ತಿರ ಟಪಾಲು ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಇವಳು ಓಡಿಹೋಗಿ ಅವಳ ಕೈ ಹಿಡಿದುಕೊಂಡಳು.

"ನಡೀ, ಹೋಗೋಣ! ಅವನು ಇಲ್ಲಿದಾನೆ ಕಣೇ! ದೂರದ ಕೋಟೆ ದುರಸ್ತಿ ಕೆಲಸ ಅಂತ ಹೋಗಿದ್ದವನು ಇಲ್ಲಿ ಹೇಗೆ ಬಂದ? ನಮ್ಮ ಗ್ರಹಚಾರ ನೋಡು!"

ಟಪಾಲಿನ ಮುಖ ಬಿಳುಚಿಕೊಂಡಿತು. ಅವಳು ಬಾಯಿ ತೆರೆಯುವ ಮೊದಲೇ ಕೌಂಟರಿನ ಹೆಂಗಸು ಕಿಟಕಿಯಿಂದ ತಲೆ ಹೊರಹಾಕಿದಳು.

"ಏನಮ್ಮಾ, ಹೋದ ವಾರ ಬಂದು ನಮ್ಮ ಸರ್ ಹತ್ರ ಕೂತು ಅಷ್ಟೊಂದು ಅತ್ತಿದ್ರಲ್ಲ, ಈಗ ಸಮಾಧಾನ ಆಯ್ತಾ? ಇವರೇನಾ ಆ ಸ್ನೇಹಿತೆ?"

ಇವಳ ಹಿಡಿತ ತಾನಾಗಿ ಸಡಿಲವಾಯಿತು.

ಹೋದ ವಾರ... ಚಿಕ್ಕಮ್ಮನಿಗೆ ಹುಷಾರಿಲ್ಲ ಎಂದು ಟಪಾಲು ರಜೆ ಹಾಕಿದ್ದಳಲ್ಲ? "ನಾನೂ ನೋಡಿಲ್ಲ, ನೀನೂ ನೋಡಿಲ್ಲ, ಬಾ ಹೋಗೋಣ" ಎಂದು ಕರೆತಂದಿದ್ದಳಲ್ಲ? ಅವನು "ನೀನು ಇಲ್ಲಿ ಹೇಗೆ?" ಎನ್ನದೆ "ಬಂದ್ಯಾ?" ಎಂದದ್ದು...

"ಏನಿದು?" ಇವಳು ಟಪಾಲಿನ ಕಡೆ ತಿರುಗಿದಳು.

"ಬಸ್ಸಲ್ಲೇ ಹೇಳ್ಬೇಕು ಅಂತಿದ್ದೆ ಕಣೇ... ಬಾಯಿ ಬರಲಿಲ್ಲ."

"ಏನು ಹೇಳ್ಬೇಕಿತ್ತು?"

"ಅವನು ನಿಂಗೆ ಕೈಕೊಡಲಿಲ್ಲ. ನಾನು... ನಾನೇ ಕೊಟ್ಟೆ."

ಎರಡು ವರ್ಷದ ಹಿಂದೆ ಕೋಟೆಯ ಕೆಲಸ ಒಪ್ಪಿಕೊಂಡಿದ್ದನ್ನು ಅವನು ಇವಳಿಗೆ ಮೊದಲು ಹೇಳಿರಲಿಲ್ಲ. ಬೇರೆ ಯಾರಿಂದಲೋ ತಿಳಿದು ಇವಳಿಗೆ ಕೆಂಡದಂಥ ಸಿಟ್ಟು. "ಹೋಗಿ ಹೇಳು, ಭಾನುವಾರ ಬರೋದು ಬೇಡ, ನಂಗೆ ಅವನೇ ಬೇಡ!" ಎಂದು ಟಪಾಲಿಗೆ ಅಂದಿದ್ದಳು. ಸಂಜೆಯಾಗುವಷ್ಟರಲ್ಲಿ ಸಿಟ್ಟು ಇಳಿದು, "ಹೇಳಿಲ್ಲ ತಾನೇ? ಹೇಳ್ಬೇಡ ಕಣೇ!" ಎಂದು ಓಡಿಬಂದಿದ್ದಳು. "ಇಲ್ಲಪ್ಪ, ಹೇಳಿಲ್ಲ" ಎಂದು ಟಪಾಲು ನಕ್ಕಿದ್ದಳು. ಆ ನಗು ಇವಳಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು.

"ಆಗಲೇ ಹೇಳಿಬಿಟ್ಟಿದ್ದೆ. ಯಾವಾಗ್ಲೂ ತಿದ್ದಿ ಹೇಳೋಳು, ಅವತ್ತು ಮಾತ್ರ ನೀನು ಹೇಳಿದ ಹಾಗೇ..."

"ಯಾಕೆ?"

ಟಪಾಲು ತಲೆ ತಗ್ಗಿಸಿದಳು. "ಅಂಗಡಿ ಆಗಷ್ಟೇ ತೆಗೆದಿದ್ವಿ. ನೀನು ಮದುವೆ ಆಗಿ ಅವನ ಜೊತೆ ಹೊರಟು ಹೋಗ್ತೀಯ ಅಂತ ಹೆದರಿಕೆ ಆಯ್ತು. ಅಂಗಡಿಗೋಸ್ಕರ ಅಷ್ಟೇ ಅಲ್ಲ... ನೀನಿಲ್ದೆ ನಂಗೆ ಯಾರಿದಾರೆ?"

"ಆ ಭಾನುವಾರ ಅವನಿಗೆ ಫೋನ್ ಮಾಡು ಅಂದಾಗ, ತಗೀತಿಲ್ಲ ಅಂದ್ಯಲ್ಲ?"

"ಮಾಡಿರಲೇ ಇಲ್ಲ."

ಅಯ್ಯೋ! ಇವಳಿಗೆ ಆ ಭಾನುವಾರ ಕಣ್ಣ ಮುಂದೆ ಬಂತು. ಬಸ್ ಓಡಿಸಿ ನಿವೃತ್ತರಾಗಿದ್ದ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಕ್ಕದ ಮನೆಯಿಂದ ಕುರ್ಚಿ ತಂದಿಟ್ಟು, "ದಾರೀಲಿ ಟ್ರಾಫಿಕ್ ಇರುತ್ತಮ್ಮ, ಲೇಟಾದ್ರೂ ಬರ್ತಾನೆ" ಎಂದು ಬಾಗಿಲಲ್ಲೇ ಕೂತಿದ್ದರು. ಕತ್ತಲಾದ ಮೇಲೆ ಕುರ್ಚಿಗಳನ್ನು ವಾಪಸ್ ಕೊಟ್ಟು ಬಂದಿದ್ದರು. ಆಗ ಪಕ್ಕದಲ್ಲಿ ಕೂತು ಇವಳ ಬೆನ್ನು ಸವರಿದ್ದು ಯಾರು? ಇದೇ ಟಪಾಲು!

"ಎರಡು ವರ್ಷ ನನ್ನ ಕಣ್ಣೀರು ಒರೆಸಿದ್ಯಲ್ಲೇ! ನೀನೇ ಅಳಿಸಿ, ನೀನೇ ಒರೆಸಿದ್ಯಾ?"

"ಅವನ ಅಕ್ಕ ಹೋದ ತಿಂಗಳು ಅಂಗಡಿಗೆ ಕೋಟು ತಂದಿದ್ಳು. ನೀನಿರಲಿಲ್ಲ. ತಮ್ಮ ಈಗ ಇಲ್ಲಿದಾನೆ, ಮದುವೆ ಮಾತೆತ್ತಿದ್ರೆ ಎದ್ದು ಹೋಗ್ತಾನೆ ಅಂದ್ಳು. ಆಮೇಲೆ ನಂಗೆ ನಿದ್ದೇನೇ ಬರಲಿಲ್ಲ. ಬಂದು ಅವನಿಗೆ ಎಲ್ಲಾ ಹೇಳಿದೆ. ನೀವಿಬ್ರೂ ಆಕಸ್ಮಿಕವಾಗಿ ಸಿಕ್ಕಿದ ಹಾಗೆ ಆಗ್ಲಿ... ನಿಂಗೆ ಗೊತ್ತಾಗದ ಹಾಗೆ ಎಲ್ಲಾ ಸರಿಹೋಗ್ಲಿ ಅಂತ..."

"ಗೊತ್ತಾಗದ ಹಾಗೆ? ನಾನೇನು ಹರಿದ ಕೋಟಾ, ಗೊತ್ತಾಗದ ಹಾಗೆ ರಫೂ ಮಾಡೋಕೆ?"

ಕೌಂಟರಿನ ಹೆಂಗಸು ಕಿಟಕಿ ಮುಚ್ಚಿಕೊಂಡಳು. ಇವಳು ಬ್ಯಾಗು ಹೆಗಲಿಗೇರಿಸಿ ಗೇಟು ದಾಟಿದಳು.

ರಸ್ತೆ ಬದಿಯ ಬಸ್ ನಿಲ್ದಾಣದಲ್ಲಿ ಒಂದು ಉದ್ದನೆಯ ಕಲ್ಲು ಬೆಂಚು, ಅದರಾಚೆ ಮುಚ್ಚಿದ ಚಹಾ ಅಂಗಡಿ. ಕೂತು ಮುಖ ಮುಚ್ಚಿಕೊಂಡು ಅತ್ತಳು. ಪ್ರೀತಿಸಿದವನು ಮೋಸ ಮಾಡಿದ ಎಂದು ಇಷ್ಟು ದಿನ ಅತ್ತದ್ದು ಬೇರೆ. ನಂಬಿದ ಮಡಿಲಲ್ಲೇ ತಲೆಯಿಟ್ಟು ಅತ್ತೆನಲ್ಲ ಎಂಬ ಅಳು ಬೇರೆ.

ಹೆಜ್ಜೆ ಸದ್ದಾಯಿತು. ಅವನು. ಓಡಿಬಂದು ಏದುಸಿರು ಬಿಡುತ್ತಿದ್ದ, ಕರಣೆ ಕೈಯಲ್ಲೇ ಇತ್ತು.

"ಈಗಷ್ಟೇ ಗೊತ್ತಾಯ್ತಂತೆ ನಿಂಗೆ! ಎಲ್ಲಾ ಹೇಳಿ ಕರ್ಕೊಂಡು ಬರ್ತೀನಿ ಅಂದಿದ್ಳು ಅವಳು!"

"ಹೋದ ವಾರವೇ ನಿನಗೆ ಗೊತ್ತಿತ್ತಲ್ಲ. ಯಾಕೆ ಬರಲಿಲ್ಲ?"

"ಅವತ್ತೇ ಹೊರಟಿದ್ದೆ. ಅವಳು ತಡೆದ್ಳು. 'ನಾನೇ ಮೊದಲು ಹೇಳ್ಬೇಕು, ತಪ್ಪು ನಂದು' ಅಂದ್ಳು. ಹೂಂ ಅಂದೆ."

"ಹೂಂ ಅಂದೆ!" ಅವಳು ಎದ್ದು ನಿಂತಳು. ಕಣ್ಣೀರು ಒಣಗಿ ಕಣ್ಣು ಉರಿಯುತ್ತಿತ್ತು. "ಮತ್ತೆ ಅವಳ ಮಾತೇ ಕೇಳಿದ್ಯಾ? ಅವತ್ತು 'ಅವಳಿಗೆ ನೀನು ಬೇಡವಂತೆ' ಅಂದ್ಳು, ಕೇಳಿದೆ. ಈಗ 'ಇಲ್ಲೇ ಇರು' ಅಂದ್ಳು, ಕೇಳಿದೆ. ಅವಳು ಸುಳ್ಳು ಹೇಳಿದ್ಳು, ಸರಿ. ನೀನು? ನನ್ನ ಮನೆಯ ದಾರಿ ನಿಂಗೆ ಗೊತ್ತಿರಲಿಲ್ವಾ? ಬಾಗಿಲು ಬಡಿದು ಒಂದು ಸಲ, ಒಂದೇ ಒಂದು ಸಲ ನನ್ನನ್ನೇ ಕೇಳಬಹುದಿತ್ತಲ್ಲ!"

ಅವನು ಕರಣೆಯ ಅಂಚಿನ ಸುಣ್ಣ ಕೆರೆದ.

"ನೀನು ನನ್ನೆದುರೇ ಬೇಡ ಅಂದುಬಿಟ್ರೆ ಅಂತ ಹೆದರಿದೆ. ಅವಳ ಬಾಯಲ್ಲಿ ಕೇಳಿದ್ದಾದ್ರೆ, ಎಲ್ಲೋ ಒಂದು ಕಡೆ ಸುಳ್ಳಿರಬಹುದು ಅಂದ್ಕೊಂಡು ಬದುಕಬಹುದಲ್ಲ..."

"ನಾನೂ ಅಷ್ಟೇ ಮೂರ್ಖಳು," ಎಂದಳು ಅವಳು. "ಬರದವನಿಗೆ ನಾನ್ಯಾಕೆ ಫೋನ್ ಮಾಡಲಿ ಅಂತ ಜಂಬ. ಬೈಯೋಕಾದ್ರೂ ಮಾಡಿದ್ರೆ ಅವತ್ತೇ ತಿಳೀತಿತ್ತು."

ಬಸ್ಸು ಬಂತು. ಗೇಟಿನ ಕಡೆಯಿಂದ ಟಪಾಲು ಅಳುತ್ತಾ ಬಂದು ದೂರದಲ್ಲೇ ನಿಂತಳು. "ಬರ್ತೀಯೇನೇ?" ಎಂದು ಕೇಳಲೂ ಅವಳಿಗೆ ಧೈರ್ಯ ಸಾಲಲಿಲ್ಲ.

ಇವಳು ಅವಳನ್ನೇ ನೋಡಿದಳು. ಒಂದೇ ಬೆಂಚಲ್ಲಿ ಓದಿದವಳು, ಜ್ವರ ಬಂದಾಗ ಗಂಜಿ ಕುಡಿಸಿದವಳು. ಅಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಬೈಯಲೂ ಬರಲಿಲ್ಲ.

"ನೀನು ಹೋಗು. ನಾನು ಮುಂದಿನ ಬಸ್ಸಿಗೆ ಬರ್ತೀನಿ. ಸೋಮವಾರ ಅಂಗಡಿಗೂ ಬರ್ತೀನಿ. ಮಾತಾಡ್ತೀನೋ ಇಲ್ವೋ ಗೊತ್ತಿಲ್ಲ."

"ಮಾತಾಡದೇ ಇದ್ರೂ ಪರವಾಗಿಲ್ಲ... ಬಾ ಕಣೇ."

"ನಮ್ಮಪ್ಪನಿಗೆ ಮಾತ್ರ ನೀನೇ ಹೇಳ್ಬೇಕು. ಎಲ್ಲಾನೂ. ಒಂದಕ್ಷರ ತಿದ್ದದೆ."

ಟಪಾಲು ತಲೆಯಾಡಿಸಿ ಬಸ್ ಹತ್ತಿದಳು. ಧೂಳೆಬ್ಬಿಸಿ ಬಸ್ಸು ಹೊರಟುಹೋಯಿತು. ಈಗ ಅವರ ನಡುವೆ ಮಾತು ಸಾಗಿಸುವವರು ಯಾರೂ ಉಳಿದಿರಲಿಲ್ಲ.

ಅವನು ಕರಣೆಯನ್ನು ಬೆಂಚಿನ ಮೇಲಿಟ್ಟ. ಅವಳ ಎದುರು ಬಂದು, ಕಣ್ಣಲ್ಲಿ ಕಣ್ಣಿಟ್ಟು, ಎಂದೋ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದ.

"ನಾನು ಬೇಡ ಅಂತ ನೀನು ಹೇಳಿದ್ಯಾ?"

"ಹೇಳಿದ್ದೆ... ಸಿಟ್ಟಲ್ಲಿ."

"ಈಗ?"

"ಈಗಲೂ ಸಿಟ್ಟಿದೆ. ಅವತ್ತಿಗಿಂತ ಜಾಸ್ತಿ ಇದೆ." ತುಟಿ ಕಚ್ಚಿದರೂ ಕಣ್ಣು ತುಂಬಿ ಬಂತು. "ಆದ್ರೆ ಬೇಡ ಅಂತ ಹೇಳ್ತಿಲ್ಲ."

ಅವನ ಮುಖದ ಧೂಳಿನ ಮೇಲೆ ಕಣ್ಣೀರು ಗೆರೆ ಎಳೆಯುತ್ತಾ ಇಳಿಯಿತು. ಒರೆಸಲು ಅವಳ ಕೈ ಮುಂದೆ ಹೋಗಿ, ಅರ್ಧದಲ್ಲಿ ನಿಂತು, ಮತ್ತೆ ಮುಂದೆ ಹೋಯಿತು.

"ಈ ಸಿಟ್ಟು ಎಷ್ಟು ದಿನ ಇರುತ್ತೆ?" ಎಂದ ಅವನು, ಆ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು.

"ನಂಗೇನು ಗೊತ್ತು? ದಿನಾ ಬಂದು ಕೇಳು... ನನ್ನನ್ನೇ ಕೇಳು."