ಗೋಡೆಯಾಚೆಯ ಅಣ್ಣ

ಕರಿ-ಬಿಳಿ ಕಾಯಿಗಳ ಬಾದುಕ್ ಆಟದ ಹಲಗೆಯ ಮೇಲೆ ಸೋತವನ ಬದುಕು ಎಷ್ಟು ಕಷ್ಟ ಅನ್ನುವುದಕ್ಕೆ ಬುಸಾನಿನ ತಾಕ್ ಮಾನ್ಸು ಸಾಕ್ಷಿ. ಕತೆ ನಿಜ, ನಾಚಿಕೆ ಅವನದು. ಪಕ್ಕದ ಮನೆಯ ಕು ಬೊಂಗ್ಸಿಕ್‌ಗಿಂತ ಅವನು ಹದಿನಾಲ್ಕು ತಿಂಗಳು ದೊಡ್ಡವನು. ಆದರೂ ಆರು ವರ್ಷದಿಂದ ಆ ಕಿರಿಯನನ್ನು "ಅಣ್ಣಾ" ಅನ್ನುತ್ತಿದ್ದ. ವರ್ಷಕ್ಕೊಂದು ಪಂದ್ಯ, ಸೋತವನು ಗೆದ್ದವನಿಗೆ ವರ್ಷವಿಡೀ ತಮ್ಮ. ಷರತ್ತು ಹಾಕಿದವನು ಮಾನ್ಸುವೇ. ಮೀನು ಮಾರುಕಟ್ಟೆಯಲ್ಲಿ ಅಂದ. ಊರ ಸ್ನಾನದ ಮನೆಯಲ್ಲಿ ಬತ್ತಲೆ ನಿಂತು ಅಂದ. ಮುಂದಿನ ತಿಂಗಳು ಅವನ ಎಪ್ಪತ್ತನೇ ಹುಟ್ಟುಹಬ್ಬ. ಬೀಗರ ಮುಂದೆ ಮಾತ್ರ ಅನ್ನಲಾರ.

"ತಮ್ಮಾ, ಭಾನುವಾರದ ಪಂದ್ಯ ಮರೀಬೇಡಪ್ಪಾ," ಬೊಂಗ್ಸಿಕ್ ಮೆಟ್ಟಿಲಲ್ಲಿ ಬೆನ್ನು ತಟ್ಟಿದ. "ಹುಟ್ಟುಹಬ್ಬದ ದಿನ ಅಣ್ಣನ ಲೋಟಕ್ಕೆ ಕಿರಿಯನ ಹಾಗೆ ಎರಡೂ ಕೈಯಲ್ಲಿ ಹೆಂಡ ಸುರೀಬೇಕು, ಆಯ್ತಾ?"

"ಆಯ್ತು... ಅಣ್ಣಾ," ಅಂದ ಮಾನ್ಸು, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದವನಂತೆ.

ಎದುರುಬದುರು ಕೂತರೆ ತೋಳು ತಾಗಿಸಿ ಕಾಯಿ ಸರಿಸಿದೆ ಎಂಬ ಜಗಳ. ಅದಕ್ಕೇ ಈಗ ಇಬ್ಬರೂ ತಂತಮ್ಮ ಮನೆಯಲ್ಲೇ ಕೂತು ಇಂಟರ್‌ನೆಟ್ಟಿನಲ್ಲಿ ಆಡುತ್ತಿದ್ದರು. ಮಾನ್ಸುವಿನ ಸಂಚು ಮೊಳೆತದ್ದು ಅಲ್ಲೇ.

ಮೂವತ್ತು ವರ್ಷ ಟೆಲಿಫೋನ್ ತಂತಿ ಎಳೆದವನು ಅವನು. ಬೊಂಗ್ಸಿಕ್‌ನ ರೌಟರ್ ಜೋಡಿಸಿಕೊಟ್ಟವನೂ ಅವನೇ. ವೈಫೈಗೆ ಹದಿನಾರು ಅಕ್ಷರದ ಪಾಸ್‌ವರ್ಡ್ ಇಟ್ಟು, "ಇನ್ನು ಇರುವೆನೂ ನುಗ್ಗಲ್ಲ" ಎಂದು ಎದೆ ತಟ್ಟಿದ್ದ. ಆದರೆ ರೌಟರಿನ ಸೆಟ್ಟಿಂಗ್ಸ್ ಪುಟಕ್ಕೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿದ್ದ. ಅಂದಿನ ಸೋಮಾರಿತನ ಇಂದು ದೂರದೃಷ್ಟಿಯಾಗಿ ಕಂಡಿತು.

ಪಂದ್ಯದ ಬೆಳಿಗ್ಗೆ ತನ್ನ ಸೋಫಾ ಬಿಟ್ಟೇಳದೆ, ಟ್ಯಾಬ್ಲೆಟ್ಟಿನಿಂದಲೇ ಆ ಪುಟಕ್ಕೆ ನುಗ್ಗಿದ. ಮಕ್ಕಳು ಓದಲಿ ಎಂದು ಗೊತ್ತುಮಾಡಿದ ಹೊತ್ತಿಗೆ ಇಂಟರ್‌ನೆಟ್ ನಿಲ್ಲಿಸುವ ಸೌಲಭ್ಯ ಅಲ್ಲಿತ್ತು. ಮಧ್ಯಾಹ್ನ ಮೂರು ನಲವತ್ತರಿಂದ ಐದು ನಿಮಿಷ ಬಂದ್. ವೈಫೈ ಗುರುತು ಹಾಗೇ ಉಳಿಯುತ್ತದೆ, ಅನುಮಾನಕ್ಕೆ ಎಡೆಯಿಲ್ಲ. ಆಟದ ಕೊನೆಯ ಹಂತದಲ್ಲಿ ಪ್ರತಿ ನಡೆಗೆ ಮೂವತ್ತೇ ಸೆಕೆಂಡು. ಇಂಟರ್‌ನೆಟ್ ಸತ್ತ ಮೇಲೆ ಮಾನ್ಸು ಕಾಯಿ ಇಡುತ್ತಾನೆ, ಬೊಂಗ್ಸಿಕ್ ಉತ್ತರ ಕೊಡಲಾರ, ಅಣ್ಣ ತಮ್ಮನಾಗುತ್ತಾನೆ. ಸಾಕ್ಷಿಯಿಲ್ಲ, ಬೆರಳಚ್ಚಿಲ್ಲ.

ಮೂರಕ್ಕೆ ಆಟ ಶುರುವಾಯಿತು. ಎಣಿಸಿ ಎಣಿಸಿ ಸರದಿ ತನ್ನದಾಗುವಂತೆ ನೋಡಿಕೊಂಡ. ಮೂರು ನಲವತ್ತು ಹೊಡೆಯಿತು. ಮನಸ್ಸಿನಲ್ಲೇ ಐದು ಎಣಿಸಿ ಬಿಳಿಕಾಯಿ ಇಟ್ಟ. ಪರದೆಯಲ್ಲಿ ಚಕ್ರ ತಿರುಗತೊಡಗಿತು: ಕಾಯಿರಿ. ಕಾಯಿ ಇಟ್ಟವನಿಗೆ ಕಾಯಲು ಎಂಥ ಆತುರ? ಮಾನ್ಸು ಕಾಲು ಚಾಚಿದ.

ಗೋಡೆಯಾಚೆ ಕೂಗು. "ಅಯ್ಯಯ್ಯೋ, ಇಂಟರ್‌ನೆಟ್ ಹೋಯ್ತು! ತಮ್ಮಾ, ನಿಂದಿದೆಯೇನೋ?"

"ನಂದು ಕಲ್ಲುಗುಂಡಿನಂಗಿದೆ ಕಣೋ!" ಮಾನ್ಸು ಗೋಡೆಗೆ ಬಾಯಿಟ್ಟು, ಬೊಂಗ್ಸಿಕ್‌ನದೇ ಗೊಗ್ಗರು ದನಿಯಲ್ಲಿ ಅಣಕಿಸಿದ. "ಬಾ ತಮ್ಮಾ ಹುಟ್ಟುಹಬ್ಬಕ್ಕೆ, ಅಣ್ಣಂಗೆ ಎರಡೂ ಕೈಯಲ್ಲಿ ಸುರೀವಂತೆ!"

ಐದು ನಿಮಿಷ ಕಳೆದು ಚಕ್ರ ನಿಂತಿತು. 'ಬಿಳಿಗೆ ಸೋಲು. ನಡೆಯ ಸಮಯ ಮುಗಿದಿದೆ.' ಗೋಡೆ ಅದುರುವಂತೆ ನಗು. "ತಮ್ಮಾ! ನಿನ್ನ ಕಾಯಿ ಬರ್ಲೇ ಇಲ್ವಲ್ಲೋ! ನಿದ್ದೆಗಿದ್ದೆ ಬಂತಾ?" ಮಾನ್ಸು ನಿಧಾನವಾಗಿ ಪರದೆಯ ಮೂಲೆಗೆ ಕಣ್ಣು ಹಾಯಿಸಿದ. ವೈಫೈ ಗುರುತಿನ ಪಕ್ಕ, ಬೊಂಗ್ಸಿಕ್ ಆಸೆಪಟ್ಟು ಇಡಿಸಿಕೊಂಡ ಹೆಸರು: 'ಅಣ್ಣನ ಮನೆ'. ನಗು ಇನ್ನೂ ಏರುತ್ತಲೇ ಇತ್ತು. ಸೆಟ್ಟಿಂಗ್ಸ್ ಪುಟ ತೆರೆಯಲು ಬೆಳಿಗ್ಗೆ ಆ ವೈಫೈಗೆ ಸೇರಿಕೊಂಡಿದ್ದವನು, ಹೊರಗೆ ಬರುವುದನ್ನೇ ಮರೆತಿದ್ದ.