ಮೂಲೆಯ ಮೂರು ಮರಗಳ ಕೇಸು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರಿನಲ್ಲಿ ಸತ್ತವರು ಯಾರೂ ಇರಲಿಲ್ಲ. ಸಾಯುತ್ತಿದ್ದದ್ದು ಮೂರು ಮರ. ದೂರು ತಂದವರು ವಾರ್ಡಿನ ಚುನಾವಣೆಗೆ ನಿಂತಿದ್ದ ನಿವೃತ್ತ ಶಿಕ್ಷಕಿ. ಬಡಾವಣೆಯ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ ಆದ್ದರಿಂದ ಎಲ್ಲರಿಗೂ ಅವರು ಟೀಚರ್. ಹಿಂದೆ ಪಾರ್ಕಿನ ಮಾಲಿ ಟೋಪಿ ಹಿಡಿದು ನಿಂತಿದ್ದ.

“ಮರಕ್ಕೆ ವಿಷ ಹಾಕಿದಾರೆ,” ಎಂದರು ಟೀಚರ್.

“ಯಾರ ಮೇಲೆ ಅನುಮಾನ?” ಇನ್‌ಸ್ಪೆಕ್ಟರ್ ಕೇಳಿದರು.

“ಅದನ್ನೂ ನಾನೇ ಹೇಳಬೇಕಾ? ಊರಿಗೆಲ್ಲ ಗೊತ್ತು.”

ಊರಿಗೆ ಗೊತ್ತಿದ್ದದ್ದು ಇಷ್ಟು. ಪಾರ್ಕಿನಲ್ಲಿ ಆ ಮರಗಳಿರುವ ಮೂಲೆಯಲ್ಲಿ ಡಯಾಲಿಸಿಸ್ ಕೇಂದ್ರ ಕಟ್ಟಿಸುತ್ತೇನೆಂದು ವಾರ್ಡಿನ ಹಾಲಿ ಸದಸ್ಯರು ಮಾತು ಕೊಟ್ಟಿದ್ದರು. ಜೀವಂತ ಮರ ಕಡಿಯುವಂತಿಲ್ಲ ಎಂದು ಯೋಜನಾ ಇಲಾಖೆ ಅರ್ಜಿಯನ್ನು ವಾಪಸು ಕಳಿಸಿತ್ತು. ‘ಪಾರ್ಕ್ ಉಳಿಸಿ’ ಎಂದು ಟೀಚರ್ ಎದುರು ನಿಂತಿದ್ದರು. ಇನ್ನು ಮರ ತಾನಾಗಿ ಒಣಗಿದರೆ ಕಟ್ಟಡಕ್ಕೆ ಅಡ್ಡಿಯಿಲ್ಲ.

ಸಾರ್ವಜನಿಕ ಆಸ್ತಿಗೆ ಹಾನಿ, ಆರೋಪಿ ಅಪರಿಚಿತ ಎಂದು ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಪಾರ್ಕಿಗೆ ಹೊರಟರು. ಜೊತೆಗೆ ಹೆಡ್ ಕಾನ್‌ಸ್ಟೇಬಲ್. ಯಾವ ಕೆಲಸ ಹೇಳಿದರೂ ‘ಆಮೇಲೆ ಮಾಡೋಣ ಸಾರ್’ ಎನ್ನುತ್ತಿದ್ದ ಆತನಿಗೆ ಠಾಣೆಯಲ್ಲಿ ‘ಆಮೇಲೆ’ ಎಂದೇ ಹೆಸರು.

ಮೂರೂ ಮರಗಳ ಕೆಳಗೆ ಕಾಲವಲ್ಲದ ಕಾಲದಲ್ಲಿ ಎಲೆ ಉದುರಿತ್ತು. ಕಾಂಡದ ಮೇಲೆ ಮಾತ್ರ ಗಾಯ ಕಾಣಲಿಲ್ಲ. ಮಾಲಿ ಮಂಡಿಯೂರಿ ಬುಡದ ಹತ್ತಿರ ಬೆರಳಾಡಿಸಿದ.

“ಇಲ್ಲಿ ನೋಡಿ ಸಾರ್. ತೊಗಟೆ ಇಷ್ಟು ನುಣ್ಣಗಿರಲ್ಲ.”

ಇನ್‌ಸ್ಪೆಕ್ಟರ್ ಚಾಕುವಿನ ತುದಿಯಿಂದ ಕೆರೆದರು. ಅಂಟಿನಲ್ಲಿ ಕಲಸಿದ ಮರದ ಹೊಟ್ಟು ಉಂಡೆಯಾಗಿ ಈಚೆ ಬಂತು. ಹಿಂದೆ ಬೆರಳು ತೂರುವಷ್ಟು ತೂತು, ಕಳೆನಾಶಕದ ಘಾಟು. ತೂತು ಮುಚ್ಚಿದವನು ಅಷ್ಟಕ್ಕೇ ಬಿಟ್ಟಿರಲಿಲ್ಲ. ಉಜ್ಜುಕಾಗದ ಹಾಕಿ ತಿಕ್ಕಿ, ತೊಗಟೆಗೆ ಹೊಂದುವ ಬಣ್ಣ ಬಳಿದಿದ್ದ.

“ಕೊಲೆ ಮಾಡಿ ಹೆಣಕ್ಕೆ ಪೌಡರ್ ಹಚ್ಚಿದ ಹಾಗಿದೆ ಸಾರ್,” ಎಂದ ಆಮೇಲೆ.

ಮರದ ತಿರುಳು ಬಿಳಿ, ತುಂಬಿದ್ದ ಹೊಟ್ಟು ಕೆಂಪು. ಪಂಚರ ಎದುರು ಅದನ್ನು ಪೊಟ್ಟಣ ಕಟ್ಟಿ, ಮೊಹರು ಹಾಕಿ, ಪಂಚನಾಮೆ ಮುಗಿಸಿದರು.

ಹಾಲಿ ಸದಸ್ಯರು ತಮ್ಮ ಕಚೇರಿಯಲ್ಲಿ ಸಿಕ್ಕರು.

“ಮರ ಸತ್ತರೆ ಲಾಭ ನಿಮಗೇ ಅಲ್ವಾ?”

“ಕಟ್ಟಡಕ್ಕೆ ಲಾಭ, ನನಗೆ ನಷ್ಟ. ಮತದಾನ ಮುಂದಿನ ವಾರ. ಈಗ ಮರಕ್ಕೆ ವಿಷ ಹಾಕಿಸಿ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಳ್ತೀನಾ? ನಿನ್ನೆಯಿಂದ ಬೀದೀಲಿ ನನ್ನ ಮುಖ ನೋಡೋರಿಲ್ಲ.”

ಮಾತು ಸುಳ್ಳೆನಿಸಲಿಲ್ಲ. ಸಂಜೆ ಟೀಚರ್ ಹೇಳಿಕೆ ಪಡೆಯಲು ಅವರ ಪ್ರಚಾರ ಕಚೇರಿಗೆ ಹೋದಾಗ ಇನ್‌ಸ್ಪೆಕ್ಟರ್ ಗೋಡೆಗೆ ಒರಗಿಸಿದ್ದ ‘ಪಾರ್ಕ್ ಉಳಿಸಿ’ ಬೋರ್ಡೊಂದನ್ನು ಎತ್ತಿಕೊಂಡರು. ಹಲಗೆಗೆ ಕೋಲು ಜೋಡಿಸಿತ್ತು. ಎಷ್ಟು ಸವರಿದರೂ ಮೊಳೆಯ ತಲೆ ಕೈಗೆ ಸಿಗಲಿಲ್ಲ. ಬೆಳಕಿಗೆ ಹಿಡಿದಾಗ ಸಣ್ಣ ಕೆಂಪು ಚುಕ್ಕೆಗಳು ಕಂಡವು, ಹೊಟ್ಟು ತುಂಬಿ ನುಣ್ಣಗೆ ಉಜ್ಜಿದವು.

“ಇದನ್ನ ಮಾಡಿದ್ದು ಯಾರು?”

“ನಮ್ಮ ಬಡಗಿ. ಪಾರ್ಕಿನ ಹಿಂದಿನ ಬೀದಿ. ಕೇಳಿದ ತಕ್ಷಣ ಎಲ್ಲ ಬೋರ್ಡೂ ಒಬ್ಬರೇ ಮಾಡಿಕೊಟ್ರು.”

ಮರುದಿನ ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಟರ್ ಬಡಗಿಯ ಮನೆಯ ಮುಂದಿನ ಕಾರ್ಖಾನೆಗೆ ಹೋದರು. ಹೆಸರಿಗೆ ಕಾರ್ಖಾನೆ, ಇದ್ದದ್ದು ಒಂದು ಶೆಡ್ಡು, ಒಂದು ಮೇಜು. ಅರವತ್ತು ದಾಟಿದ ಬಡಗಿ ಸ್ಟೂಲಿನ ಕಾಲು ಉಜ್ಜುತ್ತಿದ್ದ. ಒಳಕೋಣೆಯಲ್ಲಿ ಮಲಗಿದ್ದ ಹೆಂಡತಿ ತಲೆ ಎತ್ತಿ ನೋಡಿದಳು.

“ಯಜಮಾನ್ರೆ, ಎಲೆಕ್ಷನ್ ಮುಗಿದ ಮೇಲೆ ಬಿಸಾಕೋ ಬೋರ್ಡು. ಮೊಳೆ ತಲೆ ಮುಚ್ಚಿದ್ದು ಯಾಕೆ?”

“ಕಂಡರೆ ಚೆನ್ನಾಗಿರಲ್ಲ ಸಾರ್.”

“ಮರದ್ದೂ ಹಾಗೇನಾ?”

ಬಡಗಿ ಉಜ್ಜುಕಾಗದ ಕೆಳಗಿಟ್ಟ. ಒಳಗೊಮ್ಮೆ ನೋಡಿ ದನಿ ತಗ್ಗಿಸಿದ.

“ಅವಳಿಗೆ ಗೊತ್ತಿಲ್ಲ.”

“ತೂತು ಹಾಗೇ ಬಿಟ್ಟಿದ್ರೆ ಹುಳ ಕೊರೆದಿದೆ ಅಂದ್ಕೊಂಡು ಸುಮ್ಮನಾಗ್ತಿದ್ವಿ.”

“ಬಿಡೋಣ ಅಂತಲೇ ಎದ್ದೆ ಸಾರ್. ಕೈ ಕೇಳಲಿಲ್ಲ.”

ಉಳಿದದ್ದನ್ನು ಆತ ತಡವರಿಸದೆ ಹೇಳಿದ. ಹೆಂಡತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆಗೆ ಎರಡು ಬಸ್ಸು. ವಾಪಸು ಬರುವಾಗ ಎರಡನೇ ಬಸ್ಸಿಗೆ ಕಾಯುತ್ತಾ ಆಕೆ ಫುಟ್‌ಪಾತ್ ಮೇಲೆ ಮಲಗಿಬಿಡುತ್ತಿದ್ದಳು. ಜನ ದಾಟಿಕೊಂಡು ಹೋಗುತ್ತಿದ್ದರು. ಮನೆಯ ಹಿಂದೆಯೇ ಕೇಂದ್ರ ಬರುತ್ತದೆಂದಾಗ ಆಕೆ ವರ್ಷದಲ್ಲಿ ಮೊದಲ ಬಾರಿ ನಕ್ಕಿದ್ದಳು.

“ಮತ್ತೆ ಟೀಚರ್‌ಗೆ ಬೋರ್ಡು ಮಾಡಿಕೊಟ್ಟಿದ್ದು?”

“ಮನೆ ಬಾಗಿಲಿಗೆ ಬಂದು ಕೇಳಿದ್ರು. ನನ್ನ ಮಗಳಿಗೆ ಅಕ್ಷರ ಕಲಿಸಿದೋರು. ಆಗಲ್ಲ ಅಂತ ಹೇಗೆ ಹೇಳಲಿ?”

ದಾಕ್ಷಿಣ್ಯಕ್ಕೆ ಬಿದ್ದವನು ಹಗಲು ಮರ ಉಳಿಸುವ ಬೋರ್ಡು ಮಾಡಿದ. ರಾತ್ರಿ ಅದರಲ್ಲೇ ಉಳಿದ ಹೊಟ್ಟಿನಿಂದ ಮರದ ಗಾಯ ಮುಚ್ಚಿದ. ಕೊರೆಯುವ ಯಂತ್ರ, ಅಂಟಿನ ಡಬ್ಬಿ, ಕಳೆನಾಶಕದ ಖಾಲಿ ಬಾಟಲಿ ಜಪ್ತಿಯಾದವು. ಹನ್ನೊಂದೂವರೆಗೆ ಬಂಧನ.

“ನಾಳೆ ನನ್ನ ಸರದಿ,” ಎಂದಳು ಹೆಂಡತಿ ಬಾಗಿಲು ಹಿಡಿದು. “ಬಸ್ಸು ಹತ್ತಿಸೋರು ಯಾರು?”

“ನಾನು ಬರ್ತೀನಮ್ಮ,” ಎಂದ ಹೆಡ್ ಕಾನ್‌ಸ್ಟೇಬಲ್. ಆಮೇಲೆ ಎನ್ನಲಿಲ್ಲ.

ಮಧ್ಯಾಹ್ನ ಟೀಚರ್ ಠಾಣೆಗೆ ಬಂದರು. ವಿಷಯ ಕೇಳಿ ಬೆಂಚಿನ ಮೇಲೆ ಕುಳಿತರು.

“ಹಳೇ ಗ್ರಂಥಾಲಯ ಖಾಲಿ ಬಿದ್ದಿದೆಯಲ್ಲ,” ಎಂದರು. “ಅಲ್ಲೇ ಡಯಾಲಿಸಿಸ್ ಕೇಂದ್ರ ಮಾಡೋಕೆ ಆರೋಗ್ಯ ಇಲಾಖೆಯವರು ಒಪ್ಪಿದಾರೆ. ನಾನೇ ಓಡಾಡಿ ಮಾಡಿಸಿದ್ದು. ಹೋದ ತಿಂಗಳೇ ಒಪ್ಪಿಗೆ ಬಂತು.”

“ಯಾರಿಗೂ ಹೇಳಲಿಲ್ವಾ?”

“ಭಾನುವಾರದ ಕೊನೇ ಸಭೇಲಿ ಹೇಳೋಣ ಅಂತ ಇಟ್ಕೊಂಡಿದ್ದೆ. ಮೊದಲೇ ಹೇಳಿದ್ರೆ ಎದುರಿನವರು ತಮ್ಮದು ಅಂದುಬಿಡ್ತಾರೆ ಅಂತ.” ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. “ಬೋರ್ಡಿಗೆ ಅಂತ ಎಷ್ಟು ಸಲ ಅವರ ಮನೆಗೆ ಹೋದೆ. ನಾನು ಒಂದು ಮಾತು ಬಾಯಿಬಿಟ್ಟಿದ್ರೆ ಆಗ್ತಿತ್ತು.”

ಅದನ್ನು ಲಾಕಪ್ಪಿನಲ್ಲಿದ್ದವನಿಗೆ ಹೇಳುವುದೋ ಬಿಡುವುದೋ ಎಂದು ಇನ್‌ಸ್ಪೆಕ್ಟರ್ ಯೋಚಿಸಿದರು. ಸಂಜೆ ತಾವೇ ಹೋಗಿ ಹೇಳಿದರು.

ಬಡಗಿ ಮರಗಳ ವಿಚಾರ ಎತ್ತಲಿಲ್ಲ. ತನ್ನ ಕೇಸಿನ ಮಾತೂ ಕೇಳಲಿಲ್ಲ. ಗೋಡೆಗೊರಗಿ ಲೆಕ್ಕ ಹಾಕುವವನಂತೆ ಕುಳಿತಿದ್ದವನು ಕೊನೆಗೆ ಹೇಳಿದ:

“ಗ್ರಂಥಾಲಯದ ಮುಂಬಾಗಿಲು ಇಕ್ಕಟ್ಟು ಸಾರ್. ಗಾಲಿಕುರ್ಚಿ ನುಗ್ಗಲ್ಲ. ಚೌಕಟ್ಟು ಅಗಲ ಮಾಡಬೇಕು ಅಂತ ಟೀಚರ್‌ಗೆ ಹೇಳಿ. ನಾನು ಬರೋವರೆಗೂ ಕಾಯೋದು ಬೇಡ.”

ಇನ್‌ಸ್ಪೆಕ್ಟರ್ ಹೇಳುತ್ತೇನೆಂದರು. ಮೇಜಿಗೆ ಹಿಂತಿರುಗಿ, ತನಿಖಾ ವರದಿಯಲ್ಲಿ ಕೃತ್ಯದ ಕಾರಣ ಎಂಬಲ್ಲಿ ‘ಹೆಂಡತಿಗೆ ಎರಡು ಬಸ್ಸು ತಪ್ಪಿಸಲು’ ಎಂದು ಬರೆದು ಸಹಿ ಹಾಕಿದರು.